ಎಂಜಿನ್ನಿಗೆ ಶುದ್ಧ ಗಾಳಿ: ಧೂಳಿನ ಸೀಮೆಯಲ್ಲಿ ಏರ್ ಕ್ಲೀನರಿನ ಪಾಲನೆ

(ದಂಡೋತಿಯಲ್ಲಿ ರೈತರಿಗೆ ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ನೀಡಿದ ಉಪನ್ಯಾಸದ ಬರಹರೂಪ)



ಟ್ರ್ಯಾಕ್ಟರು ದಿನಕ್ಕೆ ಎಷ್ಟು ಡೀಸೆಲ್ಲು ಕುಡಿಯುತ್ತದೆ ಎಂಬುದನ್ನು ಅದರ ಒಡೆಯನಾದವನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಅದೇ ಎಂಜಿನ್ನು ಎಷ್ಟು ಗಾಳಿ ಸೇದುತ್ತದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ, ಆದ್ದರಿಂದ ಅದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಆದರೆ ಚಿತ್ತಾಪುರ, ಸೇಡಂ, ಶಹಾಬಾದ, ವಾಡಿ, ಚಿಂಚೋಳಿ ಕಡೆಯಲ್ಲಿ ಅವಧಿಗೆ ಮುಂಚೆಯೇ ಬಿಚ್ಚಿಸಬೇಕಾಗಿ ಬರುವ ಎಂಜಿನ್ನುಗಳ ವಿಷಯದಲ್ಲಿ ಕಾರಣ ಹುಡುಕುತ್ತ ಹೋದರೆ ಅನೇಕ ಸಲ ಗಾಳಿಯ ದಾರಿಗೇ ಬಂದು ನಿಲ್ಲಬೇಕಾಗುತ್ತದೆ. ಲೈನರು, ಪಿಸ್ಟನ್ನು, ರಿಂಗು ಬದಲಾಯಿಸಿ ಎಂಜಿನ್ನನ್ನು ಹೊಸದರಂತೆ ಮಾಡಿಸಿ, ಹರಿದ ರಬ್ಬರು ಕೊಳವೆಯನ್ನು ಮಾತ್ರ ಹಾಗೆಯೇ ಬಿಟ್ಟರೆ ಮುಂದಿನ ವರ್ಷ ಮತ್ತೆ ಅದೇ ಖರ್ಚು ತಪ್ಪಿದ್ದಲ್ಲ.

ಈ ಖರ್ಚು ಬರುವ ಸಮಯವೂ ಕೆಟ್ಟದ್ದೇ. ಎರೆ ಭೂಮಿ ಹಸಿಯಾಗಿದ್ದರೆ ಗಾಲಿ ಹುದುಗುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ. ಎರಡರ ನಡುವೆ ಬಿತ್ತನೆಗೆ ಹದ ಸಿಗುವುದು ಕೆಲವೇ ದಿನ. ಮುಂಗಾರಿಯಲ್ಲಿ ತೊಗರಿಗಾಗಲಿ ಹಿಂಗಾರಿಯಲ್ಲಿ ಜೋಳಕ್ಕಾಗಲಿ ಆ ದಿನಗಳಲ್ಲಿ ಟ್ರ್ಯಾಕ್ಟರು ಮಿಸ್ತ್ರಿಯ ಅಂಗಡಿಯ ಮುಂದೆ ನಿಂತಿದ್ದರೆ, ಆಗುವ ನಷ್ಟವು ಮಿಸ್ತ್ರಿಯ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ರಾಶಿಯ ದಿನ ಚೀಲ ಎಣಿಸುವಾಗ ಕಾಣಿಸುತ್ತದೆ.

ಎಷ್ಟು ಗಾಳಿ, ಎಷ್ಟು ಧೂಳು

ಒಂದು ಕಿಲೋ ಡೀಸೆಲ್ಲು ಪೂರ್ತಿ ಉರಿಯಬೇಕಾದರೆ ಕನಿಷ್ಠ ಹದಿನಾಲ್ಕೂವರೆ ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರು ಡೀಸೆಲ್ಲಿಗೆ ಹತ್ತು ಸಾವಿರ ಲೀಟರಿಗೂ ಹೆಚ್ಚು ಗಾಳಿ. ಇದು ಪುಸ್ತಕದ ಲೆಕ್ಕ. ಸಿಲಿಂಡರಿನೊಳಗೆ ಸೇರಿದ ಗಾಳಿಯೆಲ್ಲ ಡೀಸೆಲ್ಲಿನ ಹನಿಗಳಿಗೆ ತಗಲುವುದಿಲ್ಲವಾದ್ದರಿಂದ ಡೀಸೆಲ್ ಎಂಜಿನ್ನು ಇದಕ್ಕಿಂತ ಹೆಚ್ಚು ಗಾಳಿಯನ್ನೇ ಸೇದಬೇಕು, ಸೇದುತ್ತದೆ ಕೂಡ.

ಮೂರು ಸಿಲಿಂಡರಿನ, ಒಟ್ಟು 2500 ಘನ ಸೆಂಟಿಮೀಟರು ಗಾತ್ರದ ಒಂದು ಟ್ರ್ಯಾಕ್ಟರ್ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಎರಡು ಸುತ್ತಿಗೊಮ್ಮೆ ಗಾಳಿ ಸೇದುತ್ತದೆ. ಸಿಲಿಂಡರು ಪ್ರತಿ ಸಲವೂ ನೂರಕ್ಕೆ ಎಂಬತ್ತರಷ್ಟು ತುಂಬುತ್ತದೆಂದು ಹಿಡಿದರೆ, ನಿಮಿಷಕ್ಕೆ ಎರಡು ಸಾವಿರ ಲೀಟರು, ಗಂಟೆಗೆ 120 ಘನಮೀಟರು ಗಾಳಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವುದು ಸುಮಾರು 28 ಘನಮೀಟರು. ಅಂದರೆ ಟ್ರ್ಯಾಕ್ಟರು ಗಂಟೆಗೆ ಇಂಥ ನಾಲ್ಕು ಕೋಣೆಗಳನ್ನು ಬರಿದು ಮಾಡುತ್ತದೆ.

ಈ ಗಾಳಿಯಲ್ಲಿ ಏನಿದೆ ಎಂಬುದು ಮುಂದಿನ ಪ್ರಶ್ನೆ. ಎದುರಿನ ದಾರಿಯೇ ಕಾಣದಷ್ಟು ಧೂಳು ಎದ್ದಾಗ ಒಂದು ಘನಮೀಟರು ಗಾಳಿಯಲ್ಲಿ ಸುಮಾರು 0.9 ಗ್ರಾಂ ಧೂಳಿರುತ್ತದೆಂದು ಏರ್ ಕ್ಲೀನರುಗಳ ಪರೀಕ್ಷೆಯಲ್ಲಿ ಹಿಡಿಯುತ್ತಾರೆ. ಇಡೀ ದಿನ ಅಷ್ಟು ಧೂಳು ಇರಲಾರದು. ಅದರ ಕಾಲು ಭಾಗ ಇದೆಯೆಂದರೂ ಎಂಟು ಗಂಟೆಯ ಕೆಲಸದಲ್ಲಿ 200 ಗ್ರಾಮಿಗೂ ಹೆಚ್ಚು ಧೂಳು ಎಂಜಿನ್ನಿನ ಬಾಯಿಗೆ ಬರುತ್ತದೆ. ಬೇಸಿಗೆಯಲ್ಲಿ ರೋಟವೇಟರು ಹೊಡೆಯುವಾಗ, ಒಣ ಹೊಲದಲ್ಲಿ ಕುಂಟೆ ಆಡಿಸುವಾಗ, ತೊಗರಿ ರಾಶಿಯ ಕಣದಲ್ಲಿ ಇದಕ್ಕಿಂತ ಹೆಚ್ಚೇ ಇದ್ದೀತು. ಏರ್ ಕ್ಲೀನರು ನೂರಕ್ಕೆ 97 ಪಾಲು ಧೂಳು ಹಿಡಿದರೆ ದಿನಕ್ಕೆ ಆರು ಗ್ರಾಮಿನಷ್ಟು ಒಳಹೋಗುತ್ತದೆ. ನೂರಕ್ಕೆ 99.9 ಹಿಡಿದರೆ ಒಳಹೋಗುವುದು ಒಂದು ಗ್ರಾಮಿನ ಐದನೇ ಒಂದು ಭಾಗ. ಮೇಲೆ ನೋಡಿದರೆ ಮೂರು ಅಂಶದ ವ್ಯತ್ಯಾಸ. ಸಿಲಿಂಡರಿನ ಪಾಲಿಗೆ ಅದು ಮೂವತ್ತು ಪಟ್ಟು.

ಮಣ್ಣಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮಣ್ಣಿನ ಕಣಗಳಲ್ಲಿ 2 ಮೈಕ್ರಾನಿಗಿಂತ ಸಣ್ಣವು ಜೇಡಿ, 2ರಿಂದ 20 ಮೈಕ್ರಾನಿನವು ಗೋಡು, ಅದಕ್ಕೂ ದೊಡ್ಡವು ಮರಳು ಎಂದು ವಿಂಗಡಿಸಲಾಗಿದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂದರೆ ಈ ಕಣಗಳ ಅಳತೆ ತಿಳಿದೀತು. ಪಿಸ್ಟನ್ ರಿಂಗಿಗೂ ಲೈನರಿಗೂ ನಡುವೆ ಇರುವ ಎಣ್ಣೆಯ ಪದರವು ಕೆಲವೇ ಮೈಕ್ರಾನು ದಪ್ಪ. ಜೇಡಿಯ ಕಣ ಈ ಪದರದಲ್ಲಿ ಬಹುಮಟ್ಟಿಗೆ ತೇಲಿಹೋಗುತ್ತದೆ. ದಪ್ಪ ಮರಳು ಟೋಪಿಯಲ್ಲಿಯೇ ಉದುರುತ್ತದೆ. ಉಳಿಯುವುದು ಗೋಡಿನ ಕಣ. ಅದು ಪದರದ ದಪ್ಪಕ್ಕೆ ಸರಿಯಾಗಿ ಸಿಕ್ಕಿಕೊಂಡು ಎರಡೂ ಕಡೆಯ ಲೋಹವನ್ನು ಉಜ್ಜುತ್ತದೆ. ಅದರಲ್ಲಿರುವ ಬೆಣಚುಕಲ್ಲಿನ ಅಂಶ ಎರಕದ ಕಬ್ಬಿಣಕ್ಕಿಂತ ಗಟ್ಟಿ.

ಈ ಸೀಮೆಯ ಸುಣ್ಣಕಲ್ಲಿನ ಧೂಳು ಬೇರೆ ಬಗೆಯದು. ಶಹಾಬಾದಿನ ಫರಸಿ ದೇಶದ ಮನೆಮನೆಯ ನೆಲದಲ್ಲಿದೆ. ವಾಡಿಯಲ್ಲಿ 1968ರಿಂದ ಸಿಮೆಂಟು ತಯಾರಾಗುತ್ತಿದೆ. ಕಾಗಿಣಾ ದಂಡೆಯುದ್ದಕ್ಕೂ ನೆಲದ ಕೆಳಗೆ ಸುಣ್ಣಕಲ್ಲೇ. ಖನಿಜಗಳ ಗಟ್ಟಿತನದ ಅಳತೆಯಲ್ಲಿ ಬೆಣಚುಕಲ್ಲು 7 ಆದರೆ ಸುಣ್ಣಕಲ್ಲು ಕೇವಲ 3. ಆದ್ದರಿಂದ ಲೈನರನ್ನು ಅದು ಅಷ್ಟಾಗಿ ಗೀರುವುದಿಲ್ಲ. ಆದರೆ ಬಹಳ ನುಣುಪಾದ ಪುಡಿಯಾದ್ದರಿಂದ ಕಾಗದದ ಫಿಲ್ಟರಿನ ರಂಧ್ರಗಳನ್ನು ಬೇಗ ಮುಚ್ಚುತ್ತದೆ, ಇಬ್ಬನಿ ಅಥವಾ ಮಳೆಯ ತೇವ ತಗಲಿದರೆ ಕಾಗದದ ಮೇಲೆ ಗಿಲಾವಿನಂತೆ ಕೂರುತ್ತದೆ. ಎರೆ ಹೊಲದ ಧೂಳು ಸವೆಸುತ್ತದೆ, ಗಣಿ ರಸ್ತೆಯ ಧೂಳು ಉಸಿರು ಕಟ್ಟಿಸುತ್ತದೆ. ಹೊಲದಲ್ಲಿ ದುಡಿದು ಸಂಜೆ ಕಲ್ಲು ಸಾಗಿಸುವ ಟ್ರ್ಯಾಕ್ಟರಿಗೆ ಎರಡೂ ಉಂಟು.

ಹೊಗೆಯ ಬಣ್ಣ

ಸಾಕಷ್ಟು ಗಾಳಿ ಸಿಗದ ಡೀಸೆಲ್ಲು ಅರೆಬೆಂದು ಮಸಿಯಾಗುತ್ತದೆ. ಕಪ್ಪು ಹೊಗೆ ಎಂದರೆ ಉರಿಯದೆ ಹೋದ ಇಂಗಾಲ, ಅಂದರೆ ದುಡ್ಡು ಕೊಟ್ಟು ತಂದ ಡೀಸೆಲ್ಲಿನ ಒಂದು ಪಾಲು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಬೇಕು. ರಿಂಗು ಲೈನರು ಸವೆದುದರ ಗುರುತದು. ಇಂದಿನ ಕಪ್ಪು ಹೊಗೆಗೂ ಮುಂದಿನ ನೀಲಿ ಹೊಗೆಗೂ ಮೂಲ ಒಂದೇ ಏರ್ ಕ್ಲೀನರು ಆಗಿರುವುದುಂಟು. ಅದು ಕಟ್ಟಿದಾಗ ಕಪ್ಪು, ಸೋರಿದರೆ ಕಾಲಾಂತರದಲ್ಲಿ ನೀಲಿ.

ಕಪ್ಪು ಹೊಗೆಗೆಲ್ಲ ಫಿಲ್ಟರನ್ನೇ ದೂರುವುದು ಸರಿಯಲ್ಲ. ನಾಝಲ್ ಕೆಟ್ಟಿದ್ದರೆ, ಪಂಪಿನಲ್ಲಿ ಡೀಸೆಲ್ಲು ಹೆಚ್ಚು ಬಿಟ್ಟಿದ್ದರೆ, ಗೇರಿಗೆ ಮೀರಿದ ಭಾರ ಎಳೆಸಿದರೆ, ಗಾಳಿ ಬರುವ ವಾಲ್ವಿನ ಟ್ಯಾಪೆಟ್ ಸಂದು ತಪ್ಪಿದ್ದರೆ, ಸೈಲೆನ್ಸರಿನಲ್ಲಿ ಮಸಿ ಕಟ್ಟಿದ್ದರೆ ಸಹ ಹಾಗೆಯೇ ಹೊಗೆ ಬರುತ್ತದೆ. ಇದನ್ನು ಪತ್ತೆ ಮಾಡಲು ಒಂದು ಸುಲಭ ಉಪಾಯವಿದೆ. ಧೂಳಿಲ್ಲದ ಜಾಗದಲ್ಲಿ ಟ್ರ್ಯಾಕ್ಟರನ್ನು ನಿಲ್ಲಿಸಿ, ಎಂಜಿನ್ನು ಬಂದು ಮಾಡಿ ಕಾಗದದ ಫಿಲ್ಟರನ್ನು ಹೊರತೆಗೆದು, ಮತ್ತೆ ಚಾಲು ಮಾಡಿ ಒಂದೆರಡು ನಿಮಿಷ ವೇಗ ಏರಿಸಿ ನೋಡಬೇಕು. ಹೊಗೆ ಕಡಿಮೆಯಾದರೆ ಫಿಲ್ಟರು ಕಟ್ಟಿದೆ. ಆಗದಿದ್ದರೆ ಕಾರಣ ಬೇರೆ ಕಡೆ ಇದೆ. ಪರೀಕ್ಷೆ ಮುಗಿದ ಕೂಡಲೆ ಫಿಲ್ಟರನ್ನು ಮೊದಲಿನಂತೆ ಕೂರಿಸಬೇಕು. ಫಿಲ್ಟರಿಲ್ಲದೆ ಟ್ರ್ಯಾಕ್ಟರಿಗೆ ಶಕ್ತಿ ಹೆಚ್ಚೆಂದು ಹೇಳಿ ಹಾಗೆಯೇ ಹೊಲಕ್ಕೆ ಒಯ್ಯುವ ಚಾಲಕರು ಇದ್ದಾರೆ. ಅಂಥವರ ಕೈಗೆ ಗಾಡಿ ಕೊಡದಿರುವುದೇ ಲೇಸು.

ಹೊಗೆಯ ಹಾನಿ ಡೀಸೆಲ್ಲಿನ ಖರ್ಚಿಗೆ ನಿಲ್ಲುವುದಿಲ್ಲ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ತೀರ್ಮಾನಿಸಿತು. ಕಣದಲ್ಲಿ ರಾಶಿ ಯಂತ್ರಕ್ಕೆ ತೊಗರಿ ಕಟ್ಟಿಗೆ ಕೊಡುವ ಹೆಣ್ಣಾಳುಗಳು, ಗಂಡಾಳುಗಳು ದಿನವಿಡೀ ಆ ಹೊಗೆಯ ಪಕ್ಕದಲ್ಲಿಯೇ ನಿಂತಿರುತ್ತಾರೆ. ಟ್ರ್ಯಾಕ್ಟರುಗಳ ಹೊಗೆಗೆ ನಮ್ಮ ದೇಶದಲ್ಲಿ 1999ರಿಂದ ಮಿತಿ ಹಾಕಲಾಗಿದೆ. 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಇನ್ನೂ ಬಿಗಿಯಾದ ಮಿತಿ ಬಂದಿದೆ. ಆದರೆ ಈ ಮಿತಿಗಳೆಲ್ಲ ಕಾರ್ಖಾನೆಯಿಂದ ಹೊರಬರುವ ದಿನದ ಎಂಜಿನ್ನಿಗೆ. ಐದು ವರ್ಷದ ನಂತರ ಅದು ಎಷ್ಟು ಹೊಗೆ ಬಿಡುತ್ತದೆ ಎಂಬುದು ಒಡೆಯನ ಪಾಲನೆಗೆ ಸೇರಿದ್ದು.

ಎಣ್ಣೆ ಬಟ್ಟಲಿನ ಏರ್ ಕ್ಲೀನರು

ಹಳೆಯ ಟ್ರ್ಯಾಕ್ಟರುಗಳಲ್ಲಿ ಹಾಗೂ ಅನೇಕ ಪಂಪ್‌ಸೆಟ್ ಎಂಜಿನ್ನುಗಳಲ್ಲಿ ಇರುವುದು ಇದೇ. ಟೋಪಿಯಿಂದ ಒಳಬಂದ ಗಾಳಿ ನಡುಕೊಳವೆಯಲ್ಲಿ ಇಳಿದು, ಬಟ್ಟಲಿನ ಎಣ್ಣೆಗೆ ಬಡಿದು, ಒಮ್ಮೆಲೆ ತಿರುಗಿ ಮೇಲೇರುತ್ತದೆ. ಗಾಳಿಯಷ್ಟು ಚುರುಕಾಗಿ ತಿರುಗಲಾರದ ಧೂಳು ಎಣ್ಣೆಗೆ ಬೀಳುತ್ತದೆ. ಉಳಿದದ್ದು ಮೇಲಿನ ತಂತಿ ಬಲೆಯ ಎಣ್ಣೆಗೆ ಅಂಟುತ್ತದೆ. ಗಾಳಿಯ ವೇಗವೇ ಇದರ ಬಲ. ಆದ್ದರಿಂದ ಎಂಜಿನ್ನು ನಿಧಾನವಾಗಿ ತಿರುಗುವಾಗ ಇದರ ಕೆಲಸವೂ ಮಂದವಾಗುತ್ತದೆ. ಧೂಳಿನಲ್ಲಿ ಟ್ರ್ಯಾಕ್ಟರನ್ನು ಸುಮ್ಮನೆ ಚಾಲು ಇಟ್ಟು ನಿಲ್ಲಿಸಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ಬಟ್ಟಲಿನಲ್ಲಿ ಎಣ್ಣೆ ಗುರುತಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಕಡಿಮೆಯಾದರೆ ಗಾಳಿ ಎಣ್ಣೆಗೆ ಬಡಿಯುವುದಿಲ್ಲ, ಧೂಳು ನೇರವಾಗಿ ಹೋಗುತ್ತದೆ. ಹೆಚ್ಚಾದರೆ ಎಂಜಿನ್ನು ಆ ಎಣ್ಣೆಯನ್ನೇ ಸೇದಿಕೊಂಡು ಉರಿಸತೊಡಗುತ್ತದೆ. ಆಗ ಅದರ ವೇಗ ತಾನಾಗಿಯೇ ಏರುತ್ತದೆ, ಡೀಸೆಲ್ಲು ಬಂದು ಮಾಡಿದರೂ ನಿಲ್ಲುವುದಿಲ್ಲ. ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಿಯೇ ನಿಲ್ಲಿಸಬೇಕಾಗುತ್ತದೆ. ಟ್ರ್ಯಾಕ್ಟರುಗಳನ್ನು ಪರೀಕ್ಷಿಸುವ ಮಧ್ಯಪ್ರದೇಶದ ಬುದ್ನಿಯ ಕೇಂದ್ರದಲ್ಲಿ, ಗಾಡಿಯನ್ನು ಓರೆಯಾಗಿ ನಿಲ್ಲಿಸಿ ಏರ್ ಕ್ಲೀನರಿನ ಎಣ್ಣೆ ಎಷ್ಟು ಒಳಸೆಳೆಯಲ್ಪಡುತ್ತದೆ ಎಂದು ಅಳೆಯುವ ಪರೀಕ್ಷೆಯೇ ಇದೆ. ಗುರುತಿನ ಮಟ್ಟಕ್ಕೆ ಅಷ್ಟು ಬೆಲೆ.

ಬಟ್ಟಲನ್ನು ಯಾವಾಗ ಬಿಚ್ಚಬೇಕು? ಪುಸ್ತಕದಲ್ಲಿ ಬರೆದ ಗಂಟೆಗಳು ಸಾಧಾರಣ ಸ್ಥಿತಿಗೆ. ಕಣದ ಕೆಲಸದಲ್ಲಿಯೂ ಬೇಸಿಗೆಯ ಉಳುಮೆಯಲ್ಲಿಯೂ ದಿನಕ್ಕೊಮ್ಮೆ ನೋಡುವುದೇ ಕ್ರಮ. ಎಂಜಿನ್ನು ನಿಲ್ಲಿಸಿ ಅರ್ಧ ತಾಸು ಬಿಟ್ಟರೆ ತಂತಿ ಬಲೆಯ ಎಣ್ಣೆ ಕೆಳಗಿಳಿಯುತ್ತದೆ, ನಂತರ ಬಿಚ್ಚಬೇಕು. ತಳದಲ್ಲಿ ಅರ್ಧ ಇಂಚಿನಷ್ಟು ಕೆಸರು ಕೂತಿದ್ದರೆ, ಅಥವಾ ಎಣ್ಣೆ ಗಂಜಿಯಂತೆ ಆಗಿದ್ದರೆ ಚೆಲ್ಲಿ, ಡೀಸೆಲ್ಲಿನಿಂದ ತೊಳೆದು ಒರೆಸಿ ಹೊಸ ಎಣ್ಣೆ ಹಾಕಬೇಕು. ಮೇಲಿನ ತಂತಿ ಬಲೆಯನ್ನೂ ತೊಳೆದು, ಪೂರ್ತಿ ಸೋರಿಸಿ ಒಣಗಿಸಿ ಕೂರಿಸಬೇಕು. ಪೆಟ್ರೋಲಿನಿಂದ ತೊಳೆಯಬಾರದು, ಅದರ ಆವಿ ಉಳಿದರೆ ಅಪಾಯ. ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಇಲ್ಲಿಗೆ ಹಾಕಿ ಉಳಿತಾಯ ಮಾಡುವ ರೂಢಿ ಅಲ್ಲಲ್ಲಿ ಕಂಡುಬರುತ್ತದೆ. ಉಳಿಯುವುದು ಅರ್ಧ ಲೀಟರೋ ಒಂದು ಲೀಟರೋ ಎಣ್ಣೆ. ಲೈನರಿನ ಮುಂದೆ ಅದು ಏನೂ ಅಲ್ಲ.

ಕಾಗದದ ಫಿಲ್ಟರು

ಈಚಿನ ಟ್ರ್ಯಾಕ್ಟರುಗಳಲ್ಲಿ ಬರುವ ಒಣ ಫಿಲ್ಟರು ಸರಿಯಾಗಿದ್ದರೆ ಎಣ್ಣೆ ಬಟ್ಟಲಿಗಿಂತ ಎಷ್ಟೋ ಮೇಲು. ಅದನ್ನು ಹಾಳು ಮಾಡುವುದು ಹೆಚ್ಚಾಗಿ ಶುಚಿ ಮಾಡುವ ಕೈಗಳೇ. ಗಾಲಿಗೆ ಹೊಡೆದು ಧೂಳು ಉದುರಿಸಿದರೆ ಅದರ ಅಂಚು ಡೊಂಕಾಗಿ ಗೂಡಿನಲ್ಲಿ ಸರಿಯಾಗಿ ಕೂರುವುದಿಲ್ಲ. ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ತಿ ಒತ್ತಡದಲ್ಲಿ ಹಿಡಿದರೆ ಕಾಗದ ಸೂಜಿ ಚುಚ್ಚಿದಂತೆ ತೂತಾಗುತ್ತದೆ. ಗಾಳಿ ಹಿಡಿಯುವುದಾದರೆ 30 ಪೌಂಡಿಗಿಂತ ಕಡಿಮೆ ಒತ್ತಡದಲ್ಲಿ, ಕೈದೂರದಿಂದ, ಒಳಗಿನಿಂದ ಹೊರಕ್ಕೆ ಹಿಡಿಯಬೇಕು. ಹೊರಗಿನಿಂದ ಹಿಡಿದರೆ ಧೂಳು ಕಾಗದದೊಳಕ್ಕೆ ನಾಟುತ್ತದೆ. ಡೀಸೆಲ್ಲು, ಸೀಮೆ ಎಣ್ಣೆಗಳಲ್ಲಿ ಅದ್ದಿದ ಕಾಗದದ ಫಿಲ್ಟರು ಮತ್ತೆ ಕೆಲಸಕ್ಕೆ ಬಾರದು.

ಶುಚಿ ಮಾಡಿದ ಮೇಲೆ ಕತ್ತಲ ಕೋಣೆಯಲ್ಲಿ ಫಿಲ್ಟರಿನೊಳಗೆ ಬ್ಯಾಟರಿ ದೀಪ ಇಳಿಸಿ ಸುತ್ತಲೂ ತಿರುಗಿಸಿ ನೋಡಬೇಕು. ಮಂದವಾದ ಬೆಳಕು ಎಲ್ಲ ಕಡೆ ಸಮನಾಗಿ ಬಂದರೆ ಸರಿ. ಒಂದೇ ಒಂದು ಕಡೆ ಚುಕ್ಕೆಯಂತೆ ಹೊಳೆದರೂ ಅದು ತೂತು, ಆ ಫಿಲ್ಟರನ್ನು ಎಸೆಯಬೇಕು. ಒಳಗೆ ಇನ್ನೊಂದು ಸಣ್ಣ ಫಿಲ್ಟರು ಇರುವ ಗಾಡಿಗಳಲ್ಲಿ ಅದನ್ನು ಶುಚಿ ಮಾಡುವ ಗೋಜಿಗೇ ಹೋಗಬಾರದು. ದೊಡ್ಡದು ತೂತಾದಾಗ ಕಾಯಲೆಂದು ಅದು ಇರುವುದು, ಪುಸ್ತಕ ಹೇಳಿದ ಅವಧಿಗೆ ಬದಲಿಸಬೇಕಷ್ಟೆ. ಗೂಡಿನ ತಳದಲ್ಲಿ ಬಾತಿನ ಕೊಕ್ಕಿನಂತಿರುವ ರಬ್ಬರು ಬಾಯಿಯನ್ನು ದಿನವೂ ಬೆಳಿಗ್ಗೆ ಹಿಸುಕಿದರೆ ಒಳಗೆ ಕೂಡಿದ ಧೂಳು ಉದುರುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು.

ಹಾಗೆಂದು ಪದೇಪದೇ ಬಿಚ್ಚುವುದೂ ಒಳ್ಳೆಯದಲ್ಲ. ಕಾಗದದ ಮೇಲೆ ತೆಳ್ಳಗೆ ಧೂಳು ಕೂತಾಗ ಅದು ಇನ್ನಷ್ಟು ಚೆನ್ನಾಗಿ ಸೋಸುತ್ತದೆ. ಬಿಚ್ಚಿದಷ್ಟೂ ಸಲ ಧೂಳು ಒಳಗುದುರುವ, ರಬ್ಬರು ಸರಿಯದೆ ಕೂರುವ ಸಂಭವ ಹೆಚ್ಚು. ಫಿಲ್ಟರು ಕಟ್ಟಿದೆಯೆಂದು ಕೆಂಪು ತೋರಿಸುವ ಸೂಚಕ ಇದ್ದರೆ ಅದನ್ನೇ ನಂಬಬೇಕು. ಇಲ್ಲದ ಗಾಡಿಗೆ ಹಾಕಿಸಿಕೊಳ್ಳಬಹುದು.

ಸೋರುವ ಕೊಳವೆ

ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನು ಯಾರೂ ನೋಡುವುದಿಲ್ಲ, ಅಲ್ಲಿಯೇ ಹೆಚ್ಚಿನ ಅನರ್ಥ ನಡೆಯುತ್ತದೆ. ಬಾನೆಟ್ಟಿನ ಕಾವಿಗೆ ರಬ್ಬರು ಬಿರಿಯುತ್ತದೆ, ಅದುರಿಗೆ ಕ್ಲಿಪ್ಪು ಸಡಿಲಾಗುತ್ತದೆ. ಸೋಸುವ ಜಾಗ ದಾಟಿದ ಮೇಲಿನ ಬಿರುಕಿದು. ಇಲ್ಲಿಂದ ಹೋಗುವ ಧೂಳು ನೂರಕ್ಕೆ ನೂರೂ ಸಿಲಿಂಡರಿಗೆ. ಫಿಲ್ಟರು ಕಟ್ಟಿದಷ್ಟೂ ಎಂಜಿನ್ನು ಈ ಬಿರುಕಿನಿಂದ ಜೋರಾಗಿ ಸೇದುತ್ತದೆ. ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುವುದು ಊರಿಗೆ ತಲುಪುವವರೆಗೆ ಆದೀತು, ಹಂಗಾಮಿಗೆ ಆಗದು.

ಪರೀಕ್ಷೆ ಸುಲಭ. ಕೊಳವೆ ಬಿಚ್ಚಿ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಇರಬೇಕು. ಧೂಳಿನ ಗೆರೆ ಕಂಡರೆ ಫಿಲ್ಟರು ತೂತಾಗಿದೆ ಅಥವಾ ಜೋಡಣೆ ಸೋರುತ್ತಿದೆ. ಪಂಪ್‌ಸೆಟ್ ಎಂಜಿನ್ನಿನಲ್ಲಿಯೂ ಟರ್ಬೊ ಇಲ್ಲದ ಸಣ್ಣ ಟ್ರ್ಯಾಕ್ಟರುಗಳಲ್ಲಿಯೂ ಇನ್ನೊಂದು ವಿಧಾನವಿದೆ: ಎಂಜಿನ್ನು ನಿಧಾನದಲ್ಲಿ ತಿರುಗುವಾಗ ಏರ್ ಕ್ಲೀನರಿನ ಬಾಯಿಯನ್ನು ಚಪ್ಪಟೆ ಹಲಗೆಯಿಂದ ಮುಚ್ಚಿದರೆ ಕೆಲವು ಕ್ಷಣದಲ್ಲಿ ಅದು ನಿಲ್ಲಬೇಕು. ನಿಲ್ಲದಿದ್ದರೆ ಕಳ್ಳದಾರಿಯೊಂದು ಇದೆಯೆಂದೇ ಅರ್ಥ. ಅಂಗೈಯಿಂದ ಮುಚ್ಚಬಾರದು.

ಧೂಳನ್ನು ಸೋಸುವುದಕ್ಕಿಂತ ಮೊದಲೇ ತಪ್ಪಿಸುವುದು ಇನ್ನೂ ಸುಲಭ. ಅಮೆರಿಕದ ಯೂಟಾ ಪ್ರಾಂತದಲ್ಲಿ 1915ರಲ್ಲಿ ಫ್ರಾಂಕ್ ಡೊನಾಲ್ಡ್‌ಸನ್ ಎಂಬ ಟ್ರ್ಯಾಕ್ಟರ್ ಮಾರಾಟಗಾರನು, ತನ್ನ ಗಿರಾಕಿಯ ಟ್ರ್ಯಾಕ್ಟರು ಧೂಳಿನಿಂದಲೇ ಕೆಡುತ್ತಿದೆಯೆಂದು ಕಂಡು, ಎತ್ತರದ ಕೊಳವೆಯ ತುದಿಗೆ ತಂತಿಯ ಪಂಜರಕ್ಕೆ ಬಟ್ಟೆ ಸುತ್ತಿ ಕೂರಿಸಿದನು. ಬಟ್ಟೆಯಷ್ಟೇ ಆ ಕೊಳವೆಯ ಎತ್ತರವೂ ಕೆಲಸ ಮಾಡಿರಬೇಕು, ಏಕೆಂದರೆ ನೆಲದಿಂದ ಮೇಲೆ ಹೋದಂತೆ ಧೂಳು ತೆಳುವಾಗುತ್ತದೆ. ಟ್ರ್ಯಾಕ್ಟರಿನ ಟೋಪಿ ಬಾನೆಟ್ಟಿನ ಮೇಲೆ ಎದ್ದು ನಿಂತಿರುವುದು ಇದಕ್ಕೇ. ತೊಗರಿ ರಾಶಿಯ ದಿನ ಗಾಳಿ ಬೀಸುವ ದಿಕ್ಕನ್ನು ನೋಡಿ, ಹೊಟ್ಟು ಧೂಳು ಟ್ರ್ಯಾಕ್ಟರಿನಿಂದ ಆಚೆಗೆ ಹಾರುವಂತೆ ರಾಶಿ ಯಂತ್ರವನ್ನು ಹೂಡಬೇಕು. ಮಧ್ಯಾಹ್ನ ಗಾಳಿ ತಿರುಗಿದರೆ ಹೂಡಿಕೆಯನ್ನೂ ತಿರುಗಿಸುವುದು ತ್ರಾಸದ ಕೆಲಸವೇ, ಆದರೂ ಟೋಪಿಗೂ ರೇಡಿಯೇಟರಿಗೂ ಹೊಟ್ಟು ಮೆತ್ತಿ ಎಂಜಿನ್ನು ಕಾಯುವುದಕ್ಕಿಂತ ಅದು ಮೇಲು.

ಎಂಜಿನ್ ಕೋಣೆ ಮತ್ತು ಬಾವಿ

ಕಾಗಿಣಾ ದಂಡೆಯಲ್ಲಿಯೂ ಬಾವಿಗಳ ಮೇಲೆಯೂ ಇನ್ನೂ ಡೀಸೆಲ್ ಪಂಪುಗಳು ಇವೆ. ವಿದ್ಯುತ್ತು ಬಂದ ಮೇಲೆ ಕಡಿಮೆಯಾದರೂ ಕಷ್ಟಕಾಲಕ್ಕೆ ಅವೇ ಆಸರೆ. 80 ಮಿಲಿಮೀಟರು ವ್ಯಾಸ, 110 ಮಿಲಿಮೀಟರು ಸ್ಟ್ರೋಕಿನ 5 ಅಶ್ವಶಕ್ತಿಯ ಎಂಜಿನ್ನು 1500 ಸುತ್ತಿನಲ್ಲಿ ಗಂಟೆಗೆ ಸುಮಾರು 21 ಘನಮೀಟರು ಗಾಳಿ ಸೇದುತ್ತದೆ. ಆರಡಿ ಉದ್ದಗಲ, ಏಳಡಿ ಎತ್ತರದ ತಗಡಿನ ಕೋಣೆಯಲ್ಲಿರುವ ಗಾಳಿ ಏಳು ಘನಮೀಟರು. ಇಪ್ಪತ್ತು ನಿಮಿಷಕ್ಕೊಮ್ಮೆ ಅದು ಕೋಣೆಯ ಗಾಳಿಯನ್ನೆಲ್ಲ ಸೇದಿ ಮುಗಿಸುತ್ತದೆ. ಕಳ್ಳರ ಭಯಕ್ಕೆ ಬಾಗಿಲು ಮುಚ್ಚಿ, ಹೊಗೆ ಕೊಳವೆಯನ್ನೂ ಒಳಗೆಯೇ ಬಿಟ್ಟರೆ ಅದು ತಾನು ಬಿಟ್ಟ ಹೊಗೆಯನ್ನೇ ಮತ್ತೆ ಸೇದುತ್ತದೆ. ಹೊರಗೆ 35 ಡಿಗ್ರಿ ಇದ್ದು ಒಳಗೆ 55 ಆದರೆ, ಕಾದು ಹಿಗ್ಗಿದ ಗಾಳಿಯಿಂದಾಗಿ ಸಿಲಿಂಡರಿಗೆ ನೂರಕ್ಕೆ ಆರು ಪಾಲು ಗಾಳಿ ಕಡಿಮೆ ಸಿಗುತ್ತದೆ. ನೀರು ಕಡಿಮೆ, ಹೊಗೆ ಹೆಚ್ಚು. ಎದುರುಬದುರು ಎರಡು ಕಿಂಡಿ ಇಟ್ಟು ಹೊಗೆ ಕೊಳವೆಯನ್ನು ಗೋಡೆಯಾಚೆ ಹಾಯಿಸಿದರೆ ಸಾಕು. ಕೊಳವೆ ಉದ್ದವಾದರೆ ವ್ಯಾಸವೂ ದೊಡ್ಡದಿರಬೇಕು, ತಿರುವು ಆದಷ್ಟು ಕಡಿಮೆ ಇರಬೇಕು.

ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುವ ರೂಢಿ ಮಾತ್ರ ಪ್ರಾಣಕ್ಕೆ ಎರವಾಗುವಂಥದು. ಗಾಳಿ ಸಾಲದ ಎಂಜಿನ್ನು ಕಾರ್ಬನ್ ಮೊನಾಕ್ಸೈಡು ಎಂಬ ವಿಷಾನಿಲವನ್ನು ಹೆಚ್ಚಾಗಿ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲು, ಸೀಮೆ ಎಣ್ಣೆಯ ಸಣ್ಣ ಎಂಜಿನ್ನುಗಳಲ್ಲಿ ಡೀಸೆಲ್ಲಿಗಿಂತಲೂ ಬಹಳ ಹೆಚ್ಚು. ಕಂದೀಲು ಇಳಿಸಿ, ಅದು ಆರಲಿಲ್ಲವೆಂದು ಧೈರ್ಯವಾಗಿ ಇಳಿಯುವವರುಂಟು. ಕಂದೀಲು ಆಮ್ಲಜನಕ ಇದೆಯೆಂದಷ್ಟೇ ತೋರಿಸುತ್ತದೆ. ಈ ವಿಷ ಇದ್ದರೂ ಅದು ಉರಿಯುತ್ತಲೇ ಇರುತ್ತದೆ. ಒಬ್ಬ ಕುಸಿದನೆಂದು ಅವನನ್ನೆತ್ತಲು ಇನ್ನೊಬ್ಬ ಇಳಿದು ಇಬ್ಬರೂ ಉಳಿಯದಿರುವುದು ಇಂಥ ಅವಘಡಗಳಲ್ಲಿ ಸಾಮಾನ್ಯ. ಎಂಜಿನ್ನು ಬಾವಿಯ ಹೊರಗೇ ಇರಬೇಕು, ಹೊಗೆ ಬಾವಿಯ ಕಡೆ ಬರಬಾರದು. ಅಷ್ಟು ಆಳದಿಂದ ನೀರು ಬಾರದಿದ್ದರೆ ಪಂಪನ್ನು ಬದಲಿಸಬೇಕೇ ಹೊರತು ಎಂಜಿನ್ನನ್ನು ಇಳಿಸಬಾರದು.

ಜೀಪು, ಕಾರು ಮತ್ತು ಪೇಟೆಯ ಉಪಕರಣಗಳು

ಟ್ರ್ಯಾಕ್ಟರಿನ ಜೊತೆಗೆ ಜೀಪು, ಕಾರು, ಸರಕಿನ ಸಣ್ಣ ಗಾಡಿ ಇಟ್ಟ ರೈತರು ಈಗ ಕಡಿಮೆಯೇನಿಲ್ಲ. ಫಿಲ್ಟರು ಬದಲಿಸಿದರೆ ಮೈಲೇಜು ಬಹಳ ಏರುತ್ತದೆಂಬ ಮಾತು ಹಳೆಯ ಕಾರ್ಬುರೇಟರ್ ಗಾಡಿಗಳ ಮಟ್ಟಿಗೆ ಸ್ವಲ್ಪ ನಿಜ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಧನ ಇಂಜೆಕ್ಷನ್ನಿನ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರು ಕಟ್ಟಿದರೂ ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವೇಗ ಏರುವ ಚುರುಕು ಮಾತ್ರ ಕುಂದಿತು. ಬರುವ ಗಾಳಿಗೆ ತಕ್ಕಂತೆ ಪೆಟ್ರೋಲನ್ನು ಅಳೆದು ಬಿಡುವ ವ್ಯವಸ್ಥೆ ಅವುಗಳಲ್ಲಿರುವುದೇ ಇದಕ್ಕೆ ಕಾರಣ. ಡೀಸೆಲ್ ಎಂಜಿನ್ನಿನ ಹಳೆಯ ಪಂಪಿಗೆ ಆ ತಿಳಿವಳಿಕೆ ಇಲ್ಲ, ಗಾಳಿ ಕಡಿಮೆಯಾದರೂ ಅದು ಡೀಸೆಲ್ಲು ಬಿಡುತ್ತಲೇ ಇರುತ್ತದೆ. ಕಪ್ಪು ಹೊಗೆಯ ಗುಟ್ಟು ಇಷ್ಟೇ.

ಗಾಳಿಯ ಕೊಳವೆಯಲ್ಲಿ ಕೂರಿಸುವ ಸಣ್ಣ ಪಂಖ, ಗಾಳಿಯನ್ನು ಸುಳಿಯಂತೆ ತಿರುಗಿಸುವ ತಗಡು, ಹೆಚ್ಚು ಗಾಳಿ ಬಿಡುವ ದುಬಾರಿ ಫಿಲ್ಟರು ಎಂದು ನಾನಾ ವಸ್ತುಗಳು ಮಾರಾಟವಾಗುತ್ತವೆ. ಇಂಧನ ಉಳಿಸುತ್ತವೆಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಉಪಕರಣಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರೀಕ್ಷಿಸಿದ್ದು, ಅವುಗಳಲ್ಲಿ ಪ್ರಯೋಜನಕ್ಕೆ ಬಂದವು ಬಹಳ ಕೆಲವು. ದಾರಿಯಲ್ಲಿಟ್ಟ ಪಂಖ ಗಾಳಿಗೆ ಅಡ್ಡಿಯೇ. ಹೆಚ್ಚು ಗಾಳಿ ಬಿಡುವ ಫಿಲ್ಟರಿನಲ್ಲಿ ಹೆಚ್ಚು ಧೂಳೂ ಹಾಯುವ ಭಯವಿದೆ. ಈ ಸೀಮೆಯ ರಸ್ತೆಗೆ ಅದು ತಕ್ಕದ್ದಲ್ಲ. ಗಾಳಿಯನ್ನು ನಿಜವಾಗಿ ಹೆಚ್ಚಿಸುವ ಸಾಧನವೆಂದರೆ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬುಶಿ 1905ರಲ್ಲಿಯೇ ಅದರ ಹಕ್ಕುಪತ್ರ ಪಡೆದಿದ್ದ. ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಅದು ಗಾಳಿಯನ್ನು ಒಳಗೆ ಒತ್ತುತ್ತದೆ. ಕಾರ್ಖಾನೆಯಲ್ಲಿಯೇ ಹಾಕಿ ಬಂದಿದ್ದರೆ ಸರಿ, ಊರಿನ ಅಂಗಡಿಯಲ್ಲಿ ಹಾಕಿಸುವುದು ಬೇಡ. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಅದರ ಚಕ್ರಕ್ಕೆ ಸಣ್ಣ ಧೂಳೂ ಪೆಟ್ಟೇ. ದುಡಿದ ಕೂಡಲೆ ಎಂಜಿನ್ನು ನಿಲ್ಲಿಸದೆ ಎರಡು ಮೂರು ನಿಮಿಷ ನಿಧಾನದಲ್ಲಿ ಬಿಟ್ಟು, ಟರ್ಬೊ ತಣಿದ ಮೇಲೆ ನಿಲ್ಲಿಸಬೇಕು.

ಹೊಳೆ ಬಂದಾಗ

ದಂಡೋತಿಯ ಜನಕ್ಕೆ ಹೊಸದಾಗಿ ಹೇಳಬೇಕಾದ್ದಿಲ್ಲ, ಜೋರು ಮಳೆಯ ವರ್ಷ ಕಾಗಿಣಾ ತುಂಬಿ ಬಂದು ಸೇತುವೆಯ ಮೇಲೆ ನೀರು ಹರಿಯುತ್ತದೆ. ಟ್ರ್ಯಾಕ್ಟರು ಎತ್ತರದ ಗಾಡಿ, ದಾಟಿಬಿಡಬಹುದು ಎಂಬ ಧೈರ್ಯದಲ್ಲಿ ಇಳಿಸುವವರು ಮೊದಲು ನೆನೆಯಬೇಕಾದ್ದು ತಮ್ಮ ಜೀವವನ್ನು. ಎಂಜಿನ್ನಿನ ವಿಷಯ ಆಮೇಲಿನದು, ಆದರೂ ತಿಳಿದಿರುವುದು ಒಳ್ಳೆಯದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಮೇಲೆ ಹೇಳಿದ ಟ್ರ್ಯಾಕ್ಟರಿನ ಒಂದು ಸಿಲಿಂಡರಿನಲ್ಲಿ ಪಿಸ್ಟನ್ನು ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಸುಮಾರು 50 ಮಿಲಿಲೀಟರು, ಅಂದರೆ ಅರ್ಧ ಕಪ್ಪು ಚಹಾದಷ್ಟು. ಏರ್ ಕ್ಲೀನರಿನಿಂದ ಅದಕ್ಕಿಂತ ಹೆಚ್ಚು ನೀರು ಒಳಹೋದರೆ ಪಿಸ್ಟನ್ನು ಅಲ್ಲಿಯೇ ತಡೆದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡು ಬಾಗುತ್ತದೆ.

ನೀರಿನಲ್ಲಿ ಎಂಜಿನ್ನು ನಿಂತರೆ ಮತ್ತೆ ಸ್ಟಾರ್ಟರ್ ಒತ್ತಬಾರದು. ಎಷ್ಟೋ ಸಲ ರಾಡು ಬಾಗುವುದು ನಿಂತಾಗ ಅಲ್ಲ, ನಂತರ ಸ್ಟಾರ್ಟರ್ ಒತ್ತಿದಾಗ. ಗಾಡಿಯನ್ನು ಎಳೆದು ತಂದು, ಏರ್ ಕ್ಲೀನರು ಹಾಗೂ ಕೊಳವೆಗಳನ್ನು ಬಿಚ್ಚಿ, ನಾಝಲುಗಳನ್ನು ಹೊರತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಸಿಲಿಂಡರಿನ ನೀರು ಆ ತೂತುಗಳಿಂದ ಚಿಮ್ಮಿ ಹೊರಬರುತ್ತದೆ. ಎಂಜಿನ್ ಆಯಿಲನ್ನು ಕಡ್ಡಿಯಿಂದ ನೋಡಿ, ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಚೆಲ್ಲಬೇಕು. ಎಣ್ಣೆ ಬಟ್ಟಲಿನ ತಳದಲ್ಲಿ ಕೂತ ನೀರನ್ನೂ ಮರೆಯಬಾರದು. ತೊಯ್ದ ಕಾಗದದ ಫಿಲ್ಟರನ್ನು ಬಿಸಿಲಿಗೆ ಒಣಗಿಸಿ ಮತ್ತೆ ಹಾಕುವುದು ಬೇಡ. ಹೊಳೆಯ ನೀರಿನ ಗೋಡು ಅದರ ಮಡಿಕೆಗಳಲ್ಲಿ ಕೂತಿರುತ್ತದೆ, ಕಾಗದವೂ ಬಿಗಿ ಕಳೆದುಕೊಂಡಿರುತ್ತದೆ. ಹೊಸದನ್ನು ಹಾಕಿ, ಭಾರ ಹೂಡದೆ ಅರ್ಧ ತಾಸು ಓಡಿಸಿ ನೋಡಿ ಹೊಲಕ್ಕೆ ಒಯ್ಯಬೇಕು. ಟ್ರ್ಯಾಕ್ಟರಿನ ಪಾಲನೆ, ದುರಸ್ತಿಗಳನ್ನು ಕೈಯಾರೆ ಕಲಿಯಬಯಸುವ ಯುವಕರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಸಂಸ್ಥೆ ಇದೆ. ಹೆಚ್ಚಿನ ವಿಚಾರಕ್ಕೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.